ಬೀದಿದೀಪದ ಹೊಸ ಬಣ್ಣ ಮತ್ತು ನಕ್ಷತ್ರವೀಕ್ಷಕರ ಇರುಳು

ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪವು ಮೊತ್ತಮೊದಲು ಬೆಳಗಿದುದು 1905ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ. ಶಿವನಸಮುದ್ರದ ಜಲಪಾತದಲ್ಲಿ ಹುಟ್ಟಿ, 1902ರಿಂದಲೇ ಕೋಲಾರದ ಚಿನ್ನದ ಗಣಿಗಳಿಗೆ ಹರಿಯುತ್ತಿದ್ದ ವಿದ್ಯುಚ್ಛಕ್ತಿಯು ಆ ಹೊತ್ತಿಗೆ ನಗರವನ್ನೂ ಮುಟ್ಟಿತ್ತು. ಅಲ್ಲಿಂದೀಚೆಗೆ ನಮ್ಮ ದೀಪಸ್ತಂಭಗಳ ತುದಿಯಲ್ಲಿ ತಂತಿಯ ಬಲ್ಬು, ಟ್ಯೂಬ್‌ಲೈಟು, ನಸುನೀಲಿಯ ಪಾದರಸದ ದೀಪ, ಹೊಂಬಣ್ಣದ ಸೋಡಿಯಂ ದೀಪ ಎಂದು ಒಂದಾದ ಮೇಲೊಂದು ಬಂದುವು, ಹೋದುವು. ಬೀದಿಗೆಷ್ಟು ಬೆಳಕು, ಅದಕ್ಕೆಷ್ಟು ವೆಚ್ಚ ಎಂಬ ವಿಚಾರಣೆ ಪ್ರತಿ ಸಲವೂ ನಡೆಯಿತು. ಆ ಬೆಳಕಿನಲ್ಲಿ ಎಷ್ಟು ಪಾಲು ನೆಲಕ್ಕೆ ಬೀಳದೆ ಆಕಾಶಕ್ಕೆ ಸೋರಿಹೋಯಿತೆಂದು ಕೇಳಿದವರು ಮಾತ್ರ ವಿರಳ.

ಈಗಿನ ಮಾರ್ಪಾಟಾದರೋ ಹಿಂದಿನವೆಲ್ಲಕ್ಕಿಂತ ತ್ವರಿತವಾದುದು, ವ್ಯಾಪಕವಾದುದು. 2015ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ರಾಷ್ಟ್ರೀಯ ಬೀದಿದೀಪ ಯೋಜನೆಯೊಂದರಿಂದಲೇ ಒಂದು ಕೋಟಿಗೂ ಮಿಕ್ಕಿದ ಎಲ್‌ಇಡಿ ದೀಪಗಳು ಹಳೆಯ ದೀಪಗಳ ಸ್ಥಾನವನ್ನು ಆಕ್ರಮಿಸಿವೆ. ಇದರಿಂದ ವಿದ್ಯುತ್ತು ಗಣನೀಯವಾಗಿ ಉಳಿದಿದೆ, ರಾತ್ರಿ ಪಾಳಿ ಮುಗಿಸಿ ಮನೆಗೆ ಮರಳುವ ಹೆಣ್ಣುಮಕ್ಕಳಿಗೆ ಧೈರ್ಯ ಬಂದಿದೆ. ಈ ಉಪಕಾರವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಹಗಲೆಲ್ಲ ಶಾಲೆಯಲ್ಲಿಯೋ ಬ್ಯಾಂಕಿನಲ್ಲಿಯೋ ಕಾರ್ಖಾನೆಯಲ್ಲಿಯೋ ದುಡಿದು, ಇರುಳಾದೊಡನೆ ಆರಂಗುಲದ ದೂರದರ್ಶಕವೊಂದನ್ನು ತಾರಸಿಗೆ ಹೊತ್ತು ತಂದು, ನಿದ್ರೆಗೆಟ್ಟು ಆಕಾಶವನ್ನು ನೋಡುವ ಹವ್ಯಾಸಿ ಖಗೋಳವೀಕ್ಷಕನಿಗೆ ಇದರಿಂದ ಒದಗಿದ ನಷ್ಟವೂ ಅಷ್ಟೇ ನಿಜವಾದುದು.

ಚಂದ್ರ, ಗುರು, ಶನಿಗಳಂಥ ಪ್ರಕಾಶಮಾನ ಕಾಯಗಳು ಎಂಥ ಬೆಳಕಿನ ನಡುವೆಯೂ ಕಂಡಾವು. ಮರೆಯಾಗುವುವು ನೀಹಾರಿಕೆಗಳು, ದೂರದ ಗೆಲಕ್ಸಿಗಳು, ಧೂಮಕೇತುವಿನ ಬಾಲ, ನಮ್ಮದೇ ಆಕಾಶಗಂಗೆ. ಹಿನ್ನೆಲೆಯ ಕತ್ತಲೆಯೇ ಇವನ್ನು ಎತ್ತಿ ತೋರಿಸತಕ್ಕುದು. ಹೆಚ್ಚು ದೊಡ್ಡ ದೂರದರ್ಶಕವನ್ನು ಕೊಂಡರೆ ತೀರಿತೆಂಬ ಮಾತೂ ಸಲ್ಲದು. ದೊಡ್ಡ ದರ್ಪಣವು ನೀಹಾರಿಕೆಯ ಬೆಳಕನ್ನು ಕೂಡಿಸುವಂತೆಯೇ ಆಕಾಶದ ಮಬ್ಬು ಹೊಳಪನ್ನೂ ಕೂಡಿಸಿಕೊಡುವುದರಿಂದ, ಎರಡರ ನಡುವಣ ಅಂತರ ಇದ್ದಂತೆಯೇ ಉಳಿಯುತ್ತದೆ.

ಹೊಸ ದೀಪದ ತೊಡಕು ಮುಖ್ಯವಾಗಿ ಅದರ ಬಣ್ಣದಲ್ಲಿದೆ. ಬಿಳಿಯ ಎಲ್‌ಇಡಿಯ ಹೃದಯದಲ್ಲಿರುವುದು ಸುಮಾರು 450 ನ್ಯಾನೊಮೀಟರ್ ತರಂಗಾಂತರದ ನೀಲಿ ಬೆಳಕು. ಅದರ ಮೇಲಣ ರಾಸಾಯನಿಕ ಲೇಪವು ಆ ನೀಲಿಯ ಒಂದಂಶವನ್ನು ಹಳದಿಯಾಗಿ ಮಾರ್ಪಡಿಸಿದಾಗ ಎರಡೂ ಬೆರೆತು ನಮಗೆ ಬಿಳುಪಾಗಿ ತೋರುವುದು. ತರಂಗಾಂತರವು ಕಿರಿದಾದಷ್ಟೂ, ಅದರ ನಾಲ್ಕನೆಯ ಘಾತದ ಪ್ರಮಾಣದಲ್ಲಿ, ವಾಯುವಿನ ಅಣುಗಳು ಬೆಳಕನ್ನು ಹೆಚ್ಚಾಗಿ ಚದರಿಸುತ್ತವೆಂದು ಭೌತವಿಜ್ಞಾನಿ ಲಾರ್ಡ್ ರೇಲೀ ಹತ್ತೊಂಬತ್ತನೆಯ ಶತಮಾನದಲ್ಲಿಯೇ ತೋರಿಸಿಕೊಟ್ಟಿದ್ದಾನೆ. ಹಗಲಿನ ಆಕಾಶ ನೀಲಿಯಾಗಿರುವುದಕ್ಕೂ ಇದೇ ಕಾರಣ. ಸೋಡಿಯಂ ದೀಪದ ಹಳದಿಯು 589 ನ್ಯಾನೊಮೀಟರಿನ ಆಸುಪಾಸಿನದಾದುದರಿಂದ, ಅದಕ್ಕೆ ಹೋಲಿಸಿದರೆ ಎಲ್‌ಇಡಿಯ ನೀಲಿಯ ಅಂಶವು ನಿರ್ಮಲ ವಾಯುವಿನಲ್ಲಿ ಹತ್ತಿರಹತ್ತಿರ ಮೂರು ಪಟ್ಟು ಚದರುತ್ತದೆ. ಇದರ ಮೇಲೆ, ಅರ್ಧ ಗಂಟೆಯ ಕಾಲ ಕತ್ತಲೆಯಲ್ಲಿದ್ದು ಪಳಗಿದ ಕಣ್ಣು ಹಳದಿಗಿಂತ ನೀಲಿ-ಹಸಿರಿಗೇ ಹೆಚ್ಚು ಸಂವೇದನಶೀಲವಾದುದು.

ಹಳೆಯ ದೀಪಗಳ ಕಾಲದಲ್ಲಿ ಹವ್ಯಾಸಿಗೆ ಒಂದು ಆಸರೆಯಿತ್ತು. ಪಾದರಸವಾಗಲಿ ಸೋಡಿಯಮ್ಮಾಗಲಿ ತನ್ನ ಬೆಳಕಿನ ಬಹುಭಾಗವನ್ನು ಕೆಲವೇ ಬಣ್ಣಗಳಲ್ಲಿ ಸೂಸುತ್ತಿದ್ದುದರಿಂದ, ಆ ಬಣ್ಣಗಳನ್ನಷ್ಟೇ ತಡೆದು ಮಿಕ್ಕವನ್ನು ಒಳಬಿಡುವ ಫಿಲ್ಟರ್ ಗಾಜನ್ನು ನೇತ್ರಮಸೂರಕ್ಕೆ ತಿರುಪಿ ಕೂರಿಸಿದರೆ ಆಕಾಶವು ತಕ್ಕಮಟ್ಟಿಗೆ ಕಪ್ಪಾಗುತ್ತಿತ್ತು. ಎಲ್‌ಇಡಿಯ ಬೆಳಕು ನೀಲಿಯಿಂದ ಕೆಂಪಿನವರೆಗೆ ಅವಿಚ್ಛಿನ್ನವಾಗಿ ಹರಡಿಕೊಂಡಿರುವುದರಿಂದ ಆ ಉಪಾಯವು ಬಹುಪಾಲು ನಿಷ್ಫಲವಾಯಿತು. ಮಹಾವ್ಯಾಧ ಪುಂಜದ ನೀಹಾರಿಕೆಯಂಥ ಅನಿಲರಾಶಿಗಳು ಆಮ್ಲಜನಕದ 500.7, ಜಲಜನಕದ 656.3 ನ್ಯಾನೊಮೀಟರ್ ಎಂಬ ನಿಶ್ಚಿತ ಬಣ್ಣಗಳಲ್ಲಿ ಹೊಳೆಯುವುದರಿಂದ, ಅವಕ್ಕಾಗಿಯೇ ಮಾಡಿದ ಕಿರುಪಟ್ಟಿಯ ಫಿಲ್ಟರುಗಳು ಇಂದಿಗೂ ಉಪಯುಕ್ತ. ನಕ್ಷತ್ರಗಳ ಬೆಳಕಿನಿಂದಲೇ ಆದ ಗೆಲಕ್ಸಿಗಳಿಗೆ ಯಾವ ಫಿಲ್ಟರಿನ ರಕ್ಷಣೆಯೂ ಇಲ್ಲ.

ಈ ನಷ್ಟವನ್ನು ಅಳೆದು ತೋರಿಸಿದವರಲ್ಲಿ ಸಾಮಾನ್ಯ ವೀಕ್ಷಕರ ಪಾತ್ರವೇ ಹಿರಿದೆಂಬುದು ನನಗೆ ವಿಶೇಷವಾಗಿ ಗಮನಾರ್ಹವೆನಿಸುತ್ತದೆ. 2011ರಿಂದ 2022ರವರೆಗೆ ನಾನಾ ದೇಶಗಳ ಜನರು ಬರಿಗಣ್ಣಿನಿಂದ ನಕ್ಷತ್ರಗಳನ್ನು ನೋಡಿ ಕಳುಹಿಸಿದ 50,000ಕ್ಕೂ ಮಿಕ್ಕ ವರದಿಗಳನ್ನು ಪರಿಶೀಲಿಸಿ, 2023ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು, ರಾತ್ರಿಯ ಆಕಾಶದ ಹೊಳಪು ವರ್ಷಕ್ಕೆ ಸರಾಸರಿ ಶೇಕಡಾ 9.6ರಂತೆ ಏರುತ್ತಿದೆಯೆಂದು ನಿರ್ಣಯಿಸಿತು. ಈ ಲೆಕ್ಕದಲ್ಲಿ, ಮಗುವೊಂದು ಹುಟ್ಟಿದಾಗ 250 ನಕ್ಷತ್ರಗಳು ಕಾಣುತ್ತಿದ್ದ ಊರಿನಲ್ಲಿ, ಅದಕ್ಕೆ 18 ವರ್ಷ ತುಂಬುವಷ್ಟರಲ್ಲಿ ಕಾಣುವುವು 100 ಮಾತ್ರ. ವರದಿಗಳಲ್ಲಿ ಹೆಚ್ಚಿನವು ಯೂರೋಪು, ಉತ್ತರ ಅಮೆರಿಕಗಳವೆಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು. ಉಪಗ್ರಹಗಳು ತೋರಿಸಿದ್ದ ಏರಿಕೆ ಇದಕ್ಕಿಂತ ಬಹಳ ಕಡಿಮೆಯಾಗಿತ್ತು. 500 ನ್ಯಾನೊಮೀಟರಿಗಿಂತ ಕಿರಿದಾದ ನೀಲಿಯನ್ನು ಅವುಗಳ ಉಪಕರಣಗಳು ಗ್ರಹಿಸಲಾರವು, ಅಡ್ಡಡ್ಡಲಾಗಿ ಹರಿಯುವ ಬೆಳಕೂ ಅವಕ್ಕೆ ಸರಿಯಾಗಿ ಸಿಕ್ಕುವುದಿಲ್ಲ. ಕೋಟಿಗಟ್ಟಲೆ ಬೆಲೆಯ ಯಂತ್ರಕ್ಕೆ ಕಾಣದುದು ಮನುಷ್ಯನ ಬರಿಗಣ್ಣಿಗೆ ಕಂಡಿತ್ತು.

ಕತ್ತಲೆಯ ಬೆಲೆ ಏನೆಂಬುದಕ್ಕೆ ಇತಿಹಾಸದಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. ಎರಡನೆಯ ಮಹಾಯುದ್ಧದ ಸಮಯದಲ್ಲಿ ಲಾಸ್ ಏಂಜಲೀಸ್ ನಗರದ ದೀಪಗಳನ್ನು ಮಂಕಾಗಿಸಿದ್ದಾಗ, ಅದರ ಸಮೀಪದ ಮೌಂಟ್ ವಿಲ್ಸನ್ ಬೆಟ್ಟದ ನೂರಂಗುಲದ ದೂರದರ್ಶಕದ ಬಳಿ ಕುಳಿತ ಜರ್ಮನ್ ಸಂಜಾತ ಖಗೋಳವಿಜ್ಞಾನಿ ವಾಲ್ಟರ್ ಬಾಡೆ, ಅದುವರೆಗೆ ಬರಿಯ ಮಂಜಾಗಿ ತೋರುತ್ತಿದ್ದ ದೇವಯಾನಿ ಗೆಲಕ್ಸಿಯ ನಡುಭಾಗದಲ್ಲಿ ಬಿಡಿಬಿಡಿ ನಕ್ಷತ್ರಗಳನ್ನು ಛಾಯಾಚಿತ್ರದಲ್ಲಿ ಬೇರ್ಪಡಿಸಿದ. ನಕ್ಷತ್ರಗಳಲ್ಲಿ ಎರಡು ಪ್ರಭೇದಗಳಿವೆಯೆಂಬ, 1944ರಲ್ಲಿ ಆತನು ಪ್ರಕಟಿಸಿದ ಸಿದ್ಧಾಂತಕ್ಕೆ ಆ ಕಪ್ಪು ಇರುಳುಗಳೇ ಆಧಾರ.

ಇಷ್ಟು ಹೇಳಿದ ಮೇಲೆ, ಹಳೆಯ ದೀಪಗಳಿಗೇ ಮರಳೋಣವೆಂಬುದು ನನ್ನ ಅಭಿಪ್ರಾಯವೆಂದು ಯಾರೂ ಭಾವಿಸಬಾರದು. ಯಾವುದಾದರೂ ಹೊಸ ಬಡಾವಣೆಯ ಬೀದಿದೀಪವೊಂದನ್ನು ಸಾವಧಾನವಾಗಿ ನಿಂತು ನೋಡಿ. ಅಗಲವಾದ ರಸ್ತೆಯ ಆಚೆಯಂಚಿಗೂ ಬೆಳಕು ಬೀಳಲೆಂದು ಅದರ ಫಲಕವನ್ನು ತುಸು ಮೇಲಕ್ಕೆ ವಾಲಿಸಿರುತ್ತಾರೆ. ನೂರು ಮಾರು ದೂರದಿಂದಲೂ ಒಳಗಿನ ಚುಕ್ಕಿಚುಕ್ಕಿ ದೀಪಗಳು ಕಣ್ಣು ಕುಕ್ಕುತ್ತವೆ. ಹೀಗೆ ಕಣ್ಣಿಗೆ ನೇರವಾಗಿ ಬರುವ ಬೆಳಕೇ ಕ್ಷಿತಿಜಕ್ಕೆ ಸಮಾಂತರವಾಗಿ ಮುಂದುವರಿದು, ಕೆಳಗಿನ ದಟ್ಟ ವಾಯುವಿನಲ್ಲಿ ಮೈಲಿಗಟ್ಟಲೆ ಸಾಗಿ, ಊರಾಚೆಯ ಆಕಾಶವನ್ನೂ ಬೆಳಗುವುದು. ಫಲಕವನ್ನು ನೆಲಕ್ಕೆ ಸಮತಲವಾಗಿ ಕೂರಿಸಿದರೆ ಇದರಲ್ಲಿ ಬಹುಪಾಲು ತಪ್ಪುತ್ತದೆ. ಎದುರಿನಿಂದ ಬರುವ ವಾಹನ ಚಾಲಕನ ಕಣ್ಣಿಗೂ ಹಿತ.

ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರವು ಸೋಡಿಯಂ ದೀಪಗಳನ್ನು ತೆಗೆದು ಎಲ್‌ಇಡಿ ಹಾಕಿದಾಗ, 3000 ಕೆಲ್ವಿನ್ನಿನ, ಅಂದರೆ ನೀಲಿಯ ಅಂಶ ಕಡಿಮೆಯಿರುವ, ಬೆಚ್ಚನೆಯ ಬಿಳುಪನ್ನು ಆರಿಸಿ, ಕೆಳಮುಖದ ದೀಪಗಳನ್ನಿಟ್ಟು, ರಾತ್ರಿ ಬೆಳೆದಂತೆ ಬೆಳಕನ್ನು ತಗ್ಗಿಸುವ ವ್ಯವಸ್ಥೆಯನ್ನೂ ಮಾಡಿ, ಬೀದಿದೀಪಗಳಿಂದ ಹೊಮ್ಮುವ ಒಟ್ಟು ಬೆಳಕನ್ನು ಶೇಕಡಾ 63ರಷ್ಟು ಕಡಿಮೆ ಮಾಡಿತು. ಸೋಡಿಯಂ ದೀಪವನ್ನು ಆರಿಸಿ ಹೊತ್ತಿಸಿದರೆ ಪೂರ್ಣ ಬೆಳಗಲು ಕೆಲವು ನಿಮಿಷಗಳೇ ಬೇಕು. ಎಲ್‌ಇಡಿಯಾದರೋ ಕ್ಷಣದಲ್ಲಿ ಹಿಗ್ಗಿ ಕ್ಷಣದಲ್ಲಿ ಕುಗ್ಗುವಂಥದು. ಮದ್ದು ಅದೇ ದೀಪದೊಳಗಿದೆ. ಕೇಳಿ ಪಡೆಯುವವರಿಲ್ಲದೆ ಅದು ಉಪಯೋಗಕ್ಕೆ ಬಾರದೆ ಉಳಿದಿದೆಯಷ್ಟೆ.

ನಮ್ಮ ದೇಶದಲ್ಲಿಯೂ ಕತ್ತಲೆಯ ರಕ್ಷಣೆಗೆ ಮೇಲ್ಪಂಕ್ತಿಯುಂಟು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ ಸೇರಿದ ಎರಡು ಮೀಟರ್ ದೂರದರ್ಶಕವು ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ 4500 ಮೀಟರ್ ಎತ್ತರದಲ್ಲಿದ್ದು, ಅದನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ. ಅದರ ಸುತ್ತಣ ಪ್ರದೇಶವನ್ನು 2022ರ ಡಿಸೆಂಬರಿನಲ್ಲಿ ಕತ್ತಲೆಯಾಕಾಶದ ರಕ್ಷಿತ ವಲಯವೆಂದು ಸಾರಿದ ಮೇಲೆ, ಅಲ್ಲಿಯ ಹಳ್ಳಿಗರೇ ದೂರದರ್ಶಕಗಳನ್ನು ನಡೆಸಲು ಕಲಿತು, ಬಂದ ಪ್ರವಾಸಿಗರಿಗೆ ಆಕಾಶವನ್ನು ತೋರಿಸಿ ಆದಾಯ ಪಡೆಯುತ್ತಿದ್ದಾರೆ.

ಹಾನ್ಲೆಯ ಕತ್ತಲೆ ನಮ್ಮ ಊರುಗಳಿಗೆ ಬರಲಾರದು, ಬರಬೇಕಾಗಿಯೂ ಇಲ್ಲ. ಆದರೆ ನಿಮ್ಮ ಪಂಚಾಯಿತಿಯೋ ನಗರಸಭೆಯೋ ಹೊಸ ದೀಪಗಳಿಗೆ ಟೆಂಡರ್ ಕರೆಯುವ ಮೊದಲು, ನಾಲ್ಕಾರು ಮಂದಿ ಕೂಡಿ ಒಂದು ಅರ್ಜಿ ಬರೆದುಕೊಡಿ: ಬೆಳಕು 3000 ಕೆಲ್ವಿನ್ ಮೀರದಿರಲಿ, ಫಲಕ ನೆಲಕ್ಕೆ ಸಮತಲವಾಗಿರಲಿ, ನಡುರಾತ್ರಿಯ ಮೇಲೆ ಬೆಳಕು ಅರ್ಧಕ್ಕಿಳಿಯಲಿ. ದೀಪ ಕೂರಿಸಿದ ಮೇಲೆ ಕೇಳಿದರೆ ಅದರ ಆಯುಸ್ಸು ತೀರುವ ತನಕ ಕಾಯಬೇಕಾದೀತು. ಆದುದರಿಂದ ಈಗಲೇ ಕೇಳಿ.