ಬಟ್ಟೆ ಬಡಿಯುತ್ತ ಹುಟ್ಟಿದ ಹಾಡು

ಮಗ್ಗದಿಂದ ಇಳಿದ ಉಣ್ಣೆಬಟ್ಟೆ ಜಾಳುಜಾಳು, ಜೊತೆಗೆ ಜಿಡ್ಡು. ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಹೆಬ್ರಿಡೀಸ್ ದ್ವೀಪಗಳ ಗಾಳಿ-ಮಳೆಗೆ ಅದು ತಡೆಯದು. ಹಾಗಾಗಿ ಅಲ್ಲಿನ ಗೇಲಿಕ್ ಭಾಷೆಯ ಹೆಂಗಸರು ಬಟ್ಟೆಯನ್ನು ಹಳಸಿದ ಮೂತ್ರದಲ್ಲಿ ನೆನೆಸುತ್ತಿದ್ದರು. ಮೂಗು ಮುರಿಯಬೇಡಿ, ಅದರ ಅಮೋನಿಯಾ ಜಿಡ್ಡು ಬಿಡಿಸುತ್ತಿತ್ತು, ಬಣ್ಣವನ್ನು ಗಟ್ಟಿಯಾಗಿ ಕೂರಿಸುತ್ತಿತ್ತು. ಆಮೇಲೆ ಉದ್ದ ಹಲಗೆಯ ಎರಡೂ ಬದಿಗೆ ಕೂತು, ಒದ್ದೆಬಟ್ಟೆಯನ್ನು ಬಡಿದು ತಿಕ್ಕಿ, ಪಕ್ಕದವಳಿಗೆ ದಾಟಿಸುತ್ತ, ಸೂರ್ಯ ಸಾಗುವ ದಿಕ್ಕಿನಲ್ಲೇ ಸುತ್ತಿಸುತ್ತಿದ್ದರು. ಬಟ್ಟೆ ಕುಗ್ಗಿ ದಪ್ಪವಾಗಲು ಗಂಟೆಗಟ್ಟಲೆ ಬೇಕು. ಅಷ್ಟೂ ಕೈಗಳ ಏಟು ಒಟ್ಟಿಗೆ ಬೀಳಬೇಕು. ಹಾಡು ಬೇಕಾದದ್ದು ಅದಕ್ಕೇ.

ಹಾಡಿನ ಕಟ್ಟನ್ನು ತೀರ್ಮಾನಿಸಿದ್ದೂ ಈ ದುಡಿಮೆಯೇ. ಒಬ್ಬಳು ಸಾಲು ಎತ್ತಿಕೊಡುತ್ತಾಳೆ, ಉಳಿದವರು ‘ಹೋ ರೋ, ಹೀ ರೀ’ ಎಂಬಂಥ ಅರ್ಥವಿಲ್ಲದ ಪಲ್ಲವಿಯಲ್ಲಿ ಕೂಡಿಕೊಳ್ಳುತ್ತಾರೆ. ಅಷ್ಟರಲ್ಲಿ ಎತ್ತಿಕೊಟ್ಟವಳಿಗೆ ಉಸಿರೂ ಸಿಕ್ಕಿತು, ಮುಂದಿನ ಸಾಲೂ ನೆನಪಾಯಿತು. ಬಟ್ಟೆ ನೀರುಂಡು ಭಾರವಾಗಿರುವಾಗ ನಿಧಾನದ ಹಾಡು, ಆಮೇಲೆ ಚುರುಕಿನದು. ಒಮ್ಮೆ ಹಾಡಿದ್ದನ್ನು ಅದೇ ಕೂಟದಲ್ಲಿ ಮತ್ತೆ ಹಾಡಿದರೆ ಕೇಡು ಎಂಬ ನಂಬಿಕೆ. ನನಗನ್ನಿಸುವಂತೆ, ಹಾಡಿನ ಕಣಜ ಅಷ್ಟು ದೊಡ್ಡದಾಗಿ ಉಳಿದದ್ದರಲ್ಲಿ ಈ ಭಯದ ಪಾಲೂ ಇದೆ. ಗಂಡಸರಿಗೆ ಅಲ್ಲಿ ಜಾಗವಿರಲಿಲ್ಲ. ಕೈಬಿಟ್ಟ ಪ್ರಿಯಕರ, ಕಡಲಲ್ಲಿ ಮುಳುಗಿದ ತಮ್ಮ, ಕುಲಗಳ ಕಾದಾಟ, ಕೊನೆಗೆ ಊರ ಹುಡುಗ-ಹುಡುಗಿಯರ ಹೆಸರು ಜೋಡಿಸಿ ಕೀಟಲೆ: ಎಲ್ಲವೂ ಆ ಹಲಗೆಯ ಮೇಲೆ ಹರಡಿಕೊಳ್ಳುತ್ತಿತ್ತು. ಕಟ್ಟಿದವರಲ್ಲಿ ಹೆಚ್ಚಿನವರ ಹೆಸರೇ ಉಳಿದಿಲ್ಲ.

1773ರಲ್ಲಿ ಇಂಗ್ಲಿಷ್ ಸಾಹಿತಿ ಸ್ಯಾಮ್ಯುಯೆಲ್ ಜಾನ್ಸನ್ ಜೊತೆ ಹೆಬ್ರಿಡೀಸ್‌ನ ರಾಸೇ ದ್ವೀಪಕ್ಕೆ ಹೋದ ಲೇಖಕ ಬಾಸ್‌ವೆಲ್ ಈ ಕೆಲಸವನ್ನು ಕಂಡು ಬರೆದಿಟ್ಟ. 20ನೇ ಶತಮಾನದಲ್ಲಿ ಕಾರ್ಖಾನೆಗಳು ಬಟ್ಟೆ ಹದಮಾಡುವ ಕೆಲಸವನ್ನು ವಹಿಸಿಕೊಂಡವು, ಹಲಗೆಗಳು ಮೂಲೆ ಸೇರಿದವು. ಅಮೆರಿಕದಿಂದ ಬಂದ ಮಾರ್ಗರೆಟ್ ಫೇ ಶಾ 1929ರಿಂದ ಸೌತ್ ಯುಯಿಸ್ಟ್ ದ್ವೀಪದಲ್ಲಿ ಅಕ್ಕತಂಗಿಯರಿಬ್ಬರ ಮನೆಯಲ್ಲಿ ವರ್ಷಗಟ್ಟಲೆ ಉಳಿದು ಹಾಡು ಬರೆದುಕೊಂಡರು; ಪುಸ್ತಕ ಬಂದದ್ದು 1955ರಲ್ಲಿ. ಆಕೆಯ ಪತಿ ಜಾನ್ ಲೋರ್ನ್ ಕ್ಯಾಂಬೆಲ್ ಫ್ರಾನ್ಸಿಸ್ ಕಾಲಿನ್ಸನ್ ಜೊತೆ ಇದೇ ಹಾಡುಗಳ ಮೂರು ಸಂಪುಟ ತಂದರು. 1992ರಲ್ಲಿ ಸ್ಕಾಟ್ಲೆಂಡಿನ ಕೇಪರ್‌ಕೇಲಿ ಸಂಗೀತ ತಂಡ ಹಾಡಿದ ಇಂಥದೊಂದು ಹಳೆಯ ಹಾಡು ಬ್ರಿಟನ್ನಿನ ಜನಪ್ರಿಯ 40 ಹಾಡುಗಳ ಪಟ್ಟಿ ಸೇರಿತು. ಸ್ಕಾಟಿಷ್ ಗೇಲಿಕ್‌ಗೆ ಅದೇ ಮೊದಲು.

ಗೇಲಿಕ್ ಜನ ವಲಸೆ ಹೋಗಿ ನೆಲೆಸಿದ ಕೆನಡಾದ ಕೇಪ್ ಬ್ರೆಟನ್‌ನಲ್ಲಿ ಹಲಗೆಗೆ ಗಂಡಸರೂ ಬಂದು ಕೂತರು. ಈಗ ಅಲ್ಲಿ ಹದಮಾಡಬೇಕಾದ ಬಟ್ಟೆ ಇಲ್ಲ. ಹಾಡಿಗಾಗಿಯೇ ಒಂದು ಕಂಬಳಿ ನೆನೆಸಿ ಬಡಿಯುತ್ತಾರೆ.