ಲಿವರ್ ಗಂಟಿಗೆ ಸೂಜಿ ಪರೀಕ್ಷೆ

ಮಾದಪ್ಪನ ಬೆಟ್ಟ ಇಳಿದು ಮೆಟ್ಟೂರಿನ ದಾರಿ ಹಿಡಿದರೆ ಗಡಿಯಲ್ಲಿ ಸಿಗುವ ಊರು ಪಾಲಾರ್. ಆ ಕಡೆಯ ಹಿರಿಯರೊಬ್ಬರಿಗೆ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿ, ‘ಲಿವರ್‌ನಲ್ಲಿ ಗಂಟಿದೆ, ಸೂಜಿ ಹಾಕಿ ನೋಡಬೇಕು, ಮೈಸೂರಿಗೋ ಬೆಂಗಳೂರಿನ ಕಿದ್ವಾಯಿಗೋ ಹೋಗಿ’ ಎಂದರೆ ಮನೆಯವರೆಲ್ಲ ಕಂಗಾಲು. ‘ಗಡ್ಡೆ ಕೆಣಕಿದರೆ ಹರಡುತ್ತೆ’ ಎಂದು ಹೆದರಿಸುವವರಿಗಂತೂ ಬರವಿಲ್ಲ.

ಮಕ್ಕಳೇ, ನಿಮ್ಮ ಬಲಪಕ್ಕೆಯ ಕೆಳಭಾಗದ ಮೇಲೆ ಕೈಯಿಡಿ. ಒಳಗಿರುವುದೇ ಲಿವರ್, ಅಂದರೆ ಯಕೃತ್ತು. ದೊಡ್ಡವರಲ್ಲಿ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಅದರಲ್ಲಿ ಕಾಣುವ ಗಂಟೆಲ್ಲ ಕ್ಯಾನ್ಸರ್ ಅಲ್ಲ. ನೀರುಗುಳ್ಳೆ, ರಕ್ತನಾಳಗಳ ಗೋಜಲು, ಅಮೀಬಾದಿಂದಾದ ಕೀವಿನ ಕುರು, ಏನಾದರೂ ಇರಬಹುದು. ಕೆಲವನ್ನು ಸ್ಕ್ಯಾನಿಂಗ್‌ನಲ್ಲೇ ಗುರುತಿಸುತ್ತಾರೆ. ಅನುಮಾನ ಉಳಿದರೆ ತುಣುಕು ಬೇಕು.

ನಾನು ಬ್ಯಾಂಕಿನಲ್ಲಿದ್ದಾಗ ಗೋದಾಮಿನ ದಾಸ್ತಾನಿನ ಮೇಲೆ ಸಾಲ ಕೊಡುತ್ತಿದ್ದೆವು. ರಾಗಿ ಚೀಲ ಬಿಚ್ಚುತ್ತಿರಲಿಲ್ಲ. ಮೊನಚು ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆದು ನೋಡುತ್ತಿದ್ದರು. ಇದೂ ಹಾಗೆಯೇ. ಆದರೆ ಇಲ್ಲಿ ಚೀಲ ಉಸಿರಾಡುತ್ತದೆ! ಉಸಿರೆಳೆದಾಗ ಲಿವರ್ ಕೆಳಕ್ಕೆ ಸರಿಯುತ್ತದೆ. ಅದಕ್ಕೇ ಡಾಕ್ಟರು ‘ಉಸಿರು ಹಿಡಿಯಿರಿ’ ಎನ್ನುವುದು.

ಜರ್ಮನಿಯ ಪಾಲ್ ಎರ್ಲಿಕ್ 1883ರಲ್ಲೇ ಲಿವರ್‌ಗೆ ಸೂಜಿ ಹಾಕಿ ಪರೀಕ್ಷಿಸಿದ್ದರು. ಆಗ ಒಳಗನ್ನು ನೋಡುವ ಸಾಧನವಿರಲಿಲ್ಲ. ಈಗ ಅಲ್ಟ್ರಾಸೌಂಡ್ ಇದೆ. ಬಾವಲಿ ಕತ್ತಲಲ್ಲಿ ಸದ್ದಿನ ಮಾರ್ದನಿಯಿಂದ ದಾರಿ ಹುಡುಕುವಂತೆ, ಕಿವಿಗೆ ಕೇಳದ ಶಬ್ದದಿಂದ ಚಿತ್ರ ಮೂಡುತ್ತದೆ. ಸೂಜಿಯ ತುದಿ ಪರದೆಯ ಮೇಲೆ ಬೆಳ್ಳಗೆ ಹೊಳೆಯುತ್ತದೆ. ಅದರಲ್ಲಿ ಸರಿಯಾಗಿ ಕಾಣದ ಗಂಟಿಗೆ ಸಿ.ಟಿ. ಸ್ಕ್ಯಾನ್ ಸಹಾಯ.

ಮೊದಲು ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತದೆಯೇ ಎಂದು ನೋಡುತ್ತಾರೆ. ಅಜ್ಜಂದಿರೇ, ಹೃದಯಕ್ಕೆಂದು ಆಸ್ಪಿರಿನ್‌ನಂಥ ಮಾತ್ರೆ ನುಂಗುತ್ತಿದ್ದರೆ ತಪ್ಪದೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಚರ್ಮ ಮರಗಟ್ಟಿಸಿ ಸೂಜಿ ಹಾಕುತ್ತಾರೆ. ಬರುವುದು ಒಂದೆರಡು ಸೆಂಟಿಮೀಟರ್ ಉದ್ದದ, ಶಾವಿಗೆಯಂಥ ಎಳೆ. ಅದನ್ನು ಮೇಣದಲ್ಲಿ ಕೂರಿಸಿ, ತೆಳ್ಳಗೆ ಹೆಚ್ಚಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ವರದಿಗೆ ಕೆಲವು ದಿನ ಕಾಯಬೇಕು.

ಹರಡುವ ಭಯ ಪೂರ್ತಿ ಸುಳ್ಳೇನಲ್ಲ. ಲಿವರ್‌ನಲ್ಲೇ ಹುಟ್ಟಿದ ಕ್ಯಾನ್ಸರ್ ಸೂಜಿಯ ಜಾಡಿನಲ್ಲಿ ಬೆಳೆಯುವ ಸಣ್ಣ ಸಾಧ್ಯತೆ ಇದೆ. ಹಾಗಾಗಿ ಸ್ಕ್ಯಾನ್‌ನಿಂದಲೇ ಅದು ಖಚಿತವಾದರೆ ಹೆಚ್ಚಾಗಿ ಚುಚ್ಚುವುದಿಲ್ಲ. ಆದರೆ ಕರುಳಿನಿಂದ ಬಂದ ಕ್ಯಾನ್ಸರ್‌ಗೆ ಒಂದು ಔಷಧಿ, ಲಿವರ್‌ನದೇ ಆದರೆ ಬೇರೆ, ಕ್ಷಯವಾದರೆ ಮತ್ತೂ ಬೇರೆ. ಯಾವುದೆಂದು ತಿಳಿಯದೆ ಕೊಡುವುದು ಹೇಗೆ?

ನಿಜಕ್ಕೂ ಗಮನಿಸಬೇಕಾದ್ದು ಒಳಗಿನ ರಕ್ತಸ್ರಾವ. ಅಪರೂಪ, ಆದರೂ ಕೆಲವು ಗಂಟೆ ಮಲಗಿಸಿ ನಾಡಿ, ಬಿ.ಪಿ. ನೋಡುವುದು ಅದಕ್ಕೇ. ಆಮೇಲೆ ಹೊಟ್ಟೆನೋವು ಹೆಚ್ಚಿದರೆ, ತಲೆಸುತ್ತಿದರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಪಾಲಾರಿನಷ್ಟು ದೂರದವರು ಆ ರಾತ್ರಿ ಊರಿನ ಬಸ್ಸು ಹತ್ತದೆ, ಆಸ್ಪತ್ರೆಯ ಹತ್ತಿರವೇ ಉಳಿಯುವುದು ಒಳ್ಳೆಯದು.