ಅರವತ್ತಮೂರು ಪೆನ್ನಿಯ ದಂಡ

ಆಕ್ಸ್‌ಫರ್ಡ್ ನಗರದಲ್ಲಿ ಪ್ರತಿ ರಾತ್ರಿ ಒಂಬತ್ತು ಹೊಡೆದು ಐದು ನಿಮಿಷಕ್ಕೆ ಒಂದು ದೊಡ್ಡ ಗಂಟೆಯ ನಾದ ಕೇಳಿಸುತ್ತದೆ. ತಾಳ್ಮೆಯಿದ್ದರೆ ಎಣಿಸಿ: ನೂರ ಒಂದು ಪೆಟ್ಟು. ಕ್ರೈಸ್ಟ್ ಚರ್ಚ್ ಎಂಬ ಕಾಲೇಜಿನ ಗೋಪುರದಲ್ಲಿರುವ ಈ ಗಂಟೆಗೆ ‘ಗ್ರೇಟ್ ಟಾಮ್’ ಎಂದು ಹೆಸರು. ಹಿಂದೆ ಆ ಕಾಲೇಜಿನಲ್ಲಿದ್ದ ವಿದ್ಯಾರ್ಥಿಗಳ ಸಂಖ್ಯೆ ನೂರ ಒಂದು. ಅದರ ನೆನಪಿಗೆ ಅಷ್ಟು ಪೆಟ್ಟು. ಐದು ನಿಮಿಷ ತಡವೇಕೆಂದರೆ, ಸೂರ್ಯನ ಲೆಕ್ಕದಲ್ಲಿ ಆಕ್ಸ್‌ಫರ್ಡ್ ಗ್ರೀನಿಚ್ಚಿಗಿಂತ ಅಷ್ಟು ಹಿಂದೆ. ದೇಶಕ್ಕೆಲ್ಲ ಒಂದೇ ವೇಳೆ ಬಂದು ಎಷ್ಟೋ ಕಾಲವಾಯಿತು; ಟಾಮ್ ಮಾತ್ರ ತನ್ನ ಊರಿನ ವೇಳೆಯನ್ನು ಬಿಟ್ಟಿಲ್ಲ. ಆಕಾಶವಾಣಿಯ ಸಮಯಸೂಚನೆಗೆ ಗೋಡೆ ಗಡಿಯಾರವನ್ನು ಸರಿಪಡಿಸಿಕೊಳ್ಳುವ ನಮಗೆ ಇದು ವಿಚಿತ್ರವೆನಿಸಬಹುದು.

ಅಲ್ಲಿಗೆ ಹೋದವರು “ವಿಶ್ವವಿದ್ಯಾನಿಲಯ ಎಲ್ಲಿದೆ?” ಎಂದು ಕೇಳುವುದುಂಟು. ಇದಕ್ಕೆ ಉತ್ತರ ಹೇಳುವುದು ಕಷ್ಟ. ಒಂದು ಹೆಬ್ಬಾಗಿಲು, ಒಂದು ಆವರಣ ಎಂಬುದು ಅಲ್ಲಿಲ್ಲ. ಇಂದು ನಲವತ್ತಕ್ಕೂ ಹೆಚ್ಚು ಕಾಲೇಜುಗಳು ಊರಿನ ಬೀದಿಗಳಲ್ಲಿ ಅಂಗಡಿಗಳ ಪಕ್ಕದಲ್ಲೇ ನಿಂತಿವೆ. ವಿದ್ಯಾರ್ಥಿಯನ್ನು ಸೇರಿಸಿಕೊಳ್ಳುವುದು, ಕೋಣೆ ಊಟ ಕೊಡುವುದು, ಒಬ್ಬಿಬ್ಬರನ್ನೇ ಎದುರಿಗೆ ಕೂರಿಸಿಕೊಂಡು ಪಾಠ ಹೇಳುವುದು ಕಾಲೇಜಿನ ಕೆಲಸ. ದೊಡ್ಡ ಉಪನ್ಯಾಸ, ಪರೀಕ್ಷೆ, ಪದವಿ ಇವು ವಿಶ್ವವಿದ್ಯಾನಿಲಯದವು. ಪ್ರತಿಯೊಂದು ಕಾಲೇಜಿಗೂ ತನ್ನದೇ ಆಸ್ತಿ, ತನ್ನದೇ ಆಡಳಿತ. ಒಂದು ಅವಿಭಕ್ತ ಕುಟುಂಬ, ಆದರೆ ಒಲೆ ಮಾತ್ರ ಬೇರೆ ಬೇರೆ ಎಂದುಕೊಳ್ಳಿ.

ಹೀಗೆ ಊರಿನ ನಡುವೆ ಬೆಳೆದ ವಿದ್ಯಾಪೀಠಕ್ಕೂ ಊರಿಗೂ ಹೊಂದಿಕೆ ಸುಲಭವಾಗಿರಲಿಲ್ಲ. ವಿದ್ಯಾರ್ಥಿಗಳಿಗೆ ಬಾಡಿಗೆ ಹೆಚ್ಚು, ರೊಟ್ಟಿಯ ತೂಕ ಕಡಿಮೆ ಎಂಬ ದೂರು; ಊರವರಿಗೆ ಈ ಹುಡುಗರ ಪುಂಡಾಟ ಸಾಕಾಗಿತ್ತು. 1209ರಲ್ಲಿ ಒಬ್ಬ ಹೆಂಗಸಿನ ಕೊಲೆಯಾಯಿತು. ಅಪರಾಧಿಯೆನ್ನಲಾದ ವಿದ್ಯಾರ್ಥಿ ಓಡಿಹೋದ. ಊರವರು ಅವನ ಜೊತೆಗಾರರನ್ನು ಹಿಡಿದು ಗಲ್ಲಿಗೇರಿಸಿದರು. ಗುರುಶಿಷ್ಯರು ಊರು ಬಿಟ್ಟರು. ಅವರಲ್ಲಿ ಕೆಲವರು ಕೇಂಬ್ರಿಜ್ ಸೇರಿದ್ದರಿಂದಲೇ ಅಲ್ಲಿನ ವಿದ್ಯಾಪೀಠ ಹುಟ್ಟಿತು. 1214ರಲ್ಲಿ ರಾಜಿಯಾದಾಗ, ವಿದ್ಯಾರ್ಥಿಗಳ ಮನೆಬಾಡಿಗೆಯಲ್ಲಿ ಹತ್ತು ವರ್ಷ ಅರ್ಧ ಬಿಡಬೇಕೆಂದು ಊರಿಗೆ ಕಟ್ಟಾಯಿತು.

ಅದಕ್ಕಿಂತ ಘೋರವಾದದ್ದು 1355ರ ಫೆಬ್ರವರಿ 10ರಂದು ಆರಂಭವಾಯಿತು. ಸ್ವಿಂಡಲ್‌ಸ್ಟಾಕ್ ಎಂಬ ಪಾನಗೃಹದಲ್ಲಿ ದ್ರಾಕ್ಷಾರಸ ಚೆನ್ನಾಗಿಲ್ಲವೆಂದು ವಿದ್ಯಾರ್ಥಿಗಳು ಜಗಳ ತೆಗೆದು, ಅದನ್ನು ಯಜಮಾನನ ಮುಖಕ್ಕೇ ಎರಚಿದರು. ಚರ್ಚುಗಳ ಗಂಟೆ ಬಾರಿಸಿ ಎರಡು ಪಕ್ಷದವರೂ ಜನ ಕೂಡಿಸಿದರು. ಹಳ್ಳಿಗಳಿಂದಲೂ ಜನ ಬಂದರು. ವಿದ್ಯಾರ್ಥಿಗಳ ಕಡೆ 63 ಮಂದಿ, ಊರವರ ಕಡೆ ಸುಮಾರು 30 ಮಂದಿ ಸತ್ತರೆಂದು ರೂಢಿಯ ಲೆಕ್ಕ. ಮೂರನೆಯ ಎಡ್ವರ್ಡ್ ದೊರೆ ವಿದ್ಯಾಪೀಠದ ಪಕ್ಷ ವಹಿಸಿದ. ಪೇಟೆಯ ರೊಟ್ಟಿ, ಬಿಯರು, ತೂಕ, ಅಳತೆಗಳ ಮೇಲಿನ ಅಧಿಕಾರವೇ ಅದರ ಕೈಸೇರಿತು. ಮೇಯರೂ ಪುರಪ್ರಮುಖರೂ ವರ್ಷವರ್ಷವೂ ಆ ದಿನ ಸೇಂಟ್ ಮೇರಿ ಚರ್ಚಿಗೆ ಹೋಗಿ, ಸತ್ತ ಒಬ್ಬೊಬ್ಬ ವಿದ್ಯಾರ್ಥಿಗೂ ಒಂದು ಪೆನ್ನಿಯಂತೆ 63 ಪೆನ್ನಿ ಒಪ್ಪಿಸಬೇಕೆಂದು ವಿಧಿಯಾಯಿತು. ಸತ್ತ ಊರವರ ಲೆಕ್ಕವನ್ನು ಯಾರೂ ಕೇಳಲಿಲ್ಲ. ಹಣವೇನೋ ಅಲ್ಪ, ಆದರೆ ತಾತ ಮುತ್ತಾತಂದಿರ ತಪ್ಪಿಗೆ ಪ್ರತಿವರ್ಷ ತಲೆತಗ್ಗಿಸುವುದು ಅಲ್ಪವೆ? ನಾಲ್ಕುನೂರ ಎಪ್ಪತ್ತು ವರ್ಷ ಇದು ನಡೆಯಿತು. 1825ರಲ್ಲಿ ಒಬ್ಬ ಮೇಯರು ಬರುವುದಿಲ್ಲವೆಂದರು, ಅಲ್ಲಿಗೆ ನಿಂತಿತು. 1955ರಲ್ಲಿ, ಆರುನೂರು ವರ್ಷವಾದ ಸಂದರ್ಭದಲ್ಲಿ, ವಿಶ್ವವಿದ್ಯಾನಿಲಯ ಮೇಯರಿಗೆ ಗೌರವ ಪದವಿಯನ್ನಿತ್ತಿತು; ನಗರವು ಕುಲಪತಿಗಳಿಗೆ ಗೌರವ ಪೌರತ್ವವನ್ನಿತ್ತಿತು.

ಇಷ್ಟಾದರೂ ಊರು ವಿದ್ಯಾಪೀಠದಿಂದ ಪಡೆದದ್ದು ಕಡಿಮೆಯಲ್ಲ. 1683ರಲ್ಲಿ ತೆರೆದ ಆಷ್ಮೋಲಿಯನ್ ವಸ್ತುಸಂಗ್ರಹಾಲಯಕ್ಕೆ ಇಂದಿಗೂ ಉಚಿತ ಪ್ರವೇಶ. ಊರೂ ಹಿಂದಕ್ಕೆ ಕೊಟ್ಟಿದೆ: ಅಲ್ಲೇ ಸೈಕಲ್ ರಿಪೇರಿಯಿಂದ ಆರಂಭಿಸಿ ಮೋಟಾರು ಕಾರ್ಖಾನೆ ಕಟ್ಟಿದ ವಿಲಿಯಂ ಮಾರಿಸ್ ವೈದ್ಯಕೀಯ ಸಂಶೋಧನೆಗೆ ಧಾರಾಳವಾಗಿ ದಾನಮಾಡಿದರು. ನಮ್ಮ ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿಯಾಗಿ ಹೋಗಿ ಅಲ್ಲಿನ ಪ್ರಸಿದ್ಧ ಚರ್ಚಾಸಂಘದ ಅಧ್ಯಕ್ಷರಾದದ್ದು ನಿಮಗೆ ತಿಳಿದೇ ಇದೆ.

ಆದರೆ ಊರಿಗೂ ವಿದ್ಯೆಗೂ ಇರುವ ನಂಟನ್ನು ತಿಳಿಯಲು ನಾನು ನೋಡುವುದು ರ‍್ಯಾಡ್‌ಕ್ಲಿಫ್ ಆಸ್ಪತ್ರೆಯ ಕಡೆಗೆ. 1941ರ ಫೆಬ್ರವರಿಯಲ್ಲಿ ಆಲ್ಬರ್ಟ್ ಅಲೆಗ್ಸಾಂಡರ್ ಎಂಬ ಪೊಲೀಸ್ ಪೇದೆ ಅಲ್ಲಿ ಮಲಗಿದ್ದರು. ಮುಖವೆಲ್ಲ ಕೀವಾಗಿ ಒಂದು ಕಣ್ಣನ್ನೇ ತೆಗೆಯಬೇಕಾಗಿತ್ತು. ಅದೇ ಊರಿನ ಪ್ರಯೋಗಶಾಲೆಯಲ್ಲಿ ಫ್ಲೋರಿ, ಚೇನ್, ಹೀಟ್ಲಿ ಮೊದಲಾದವರು ಬೂಷ್ಟಿನಿಂದ ಪೆನಿಸಿಲಿನ್ ತೆಗೆಯುತ್ತಿದ್ದರು. ಯುದ್ಧಕಾಲವಾದ್ದರಿಂದ ಪಾತ್ರೆಗಳಿಲ್ಲ, ರೋಗಿಗಳ ಮಲಪಾತ್ರೆಗಳಲ್ಲೂ ಬೂಷ್ಟು ಬೆಳೆಸಿದ್ದರು. ಈ ಕೆಲಸಕ್ಕೆಂದೇ ಆರು ಮಂದಿ ತರುಣಿಯರನ್ನು ನೇಮಿಸಿಕೊಂಡಿದ್ದರು. 12ರಂದು ಪೇದೆಗೆ ಮೊದಲ ಚುಚ್ಚುಮದ್ದು. ಜ್ವರ ಇಳಿಯಿತು, ಊಟ ಸೇರಿತು. ಔಷಧ ಸಾಲದೆ, ಅವರ ಮೂತ್ರದಲ್ಲಿ ಹೊರಬಂದದ್ದನ್ನೇ ಪ್ರಯೋಗಶಾಲೆಗೆ ಒಯ್ದು, ಶೋಧಿಸಿ ಮತ್ತೆ ಕೊಟ್ಟರು. ಐದು ದಿನಕ್ಕೆ ಅದೂ ಮುಗಿಯಿತು. ಮಾರ್ಚ್ 15ರಂದು ಅವರು ತೀರಿಕೊಂಡರು. ಆಮೇಲೆ ಚಿಕಿತ್ಸೆ ಪಡೆದ ಹದಿನೈದು ವರ್ಷದ ಹುಡುಗನೊಬ್ಬ ಬದುಕಿಕೊಂಡ.

ಆ ಆಸ್ಪತ್ರೆ 2007ರಲ್ಲಿ ಮುಚ್ಚಿತು. ಕಟ್ಟಡ ಈಗ ವಿಶ್ವವಿದ್ಯಾನಿಲಯದ್ದು.